ಊರಲ್ಲಿ ಗರ್ಭಕಂಠದ ತಪಾಸಣೆ: ಬಾರದವರನ್ನು ಮೊದಲು ಕರೆಯುವುದು ಹೇಗೆ

ನಾನು ಯಾದಗಿರಿ ಜಿಲ್ಲೆಯಲ್ಲಿ 27 ವರ್ಷದಿಂದ ಎಎನ್‌ಎಂ. ಈಗ ನಮ್ಮ ಹುದ್ದೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದು ಹೆಸರು. ಊರವರಿಗೆ ಮಾತ್ರ ನಾನು ಇಂದಿಗೂ ನರ್ಸಕ್ಕ.

ಗರ್ಭಕಂಠ ಎಂದರೆ ಗರ್ಭಚೀಲದ ಬಾಯಿ. ಅದರ ಕ್ಯಾನ್ಸರ್ ತಪಾಸಣೆಗೆ ನಾನು ಮೊದಲ ಶಿಬಿರ ಮಾಡಿದಾಗ 42 ಹೆಂಗಸರು ಬಂದಿದ್ದರು. ಡಾಕ್ಟರ್ ಮೇಡಂಗೆ ಖುಷಿ, ನನಗೂ ಖುಷಿ. ಆ ರಾತ್ರಿ ವರದಿ ಬರೆಯಲು ಕೂತು ಹೆಸರುಗಳನ್ನು ಒಂದೊಂದಾಗಿ ಓದಿದೆ. 42ರಲ್ಲಿ 33 ಜನ ಆಸ್ಪತ್ರೆಯ ಅಕ್ಕಪಕ್ಕದ ಎರಡು ಓಣಿಯವರು. ಟೀಚರ್, ಸಂಘದ ಅಧ್ಯಕ್ಷೆ, ಕಿರಾಣಿ ಅಂಗಡಿಯವರ ಮನೆಯವರು. ಕೇರಿಯಿಂದ ಬಂದವರು ಇಬ್ಬರು. ತಾಂಡಾದಿಂದ ಒಬ್ಬರೂ ಇಲ್ಲ. ನಾನು ವರದಿಯಲ್ಲಿ '42' ಎಂದಷ್ಟೇ ಬರೆದು ಮಲಗಿದೆ.

ಎರಡು ವರ್ಷದ ಮೇಲೆ ಅದೇ ಕೇರಿಯ ಒಬ್ಬ ಹೆಣ್ಣುಮಗಳು ರಕ್ತ ಹೋಗುತ್ತಿದೆ ಎಂದು ನನ್ನ ಹತ್ತಿರ ಬಂದಳು. ಶಿಬಿರದ ದಿನ ಆಕೆ ಎರಡು ಕಿಲೋಮೀಟರ್ ದೂರದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು. ರೋಗ ಮೂರನೇ ಹಂತ ದಾಟಿತ್ತು. ಆಕೆ ಉಳಿಯಲಿಲ್ಲ. ತಪ್ಪು ನನ್ನದು. ಆಕೆಯ ಹೆಸರು ನನ್ನ ಪಟ್ಟಿಯಲ್ಲೇ ಇರಲಿಲ್ಲ.

ಅಂದಿನಿಂದ ನಾನು ಶಿಬಿರ ಮಾಡುವ ಕ್ರಮವನ್ನೇ ಬದಲಿಸಿದೆ. ಆಶಾ ಅಕ್ಕಂದಿರು, ಹೊಸದಾಗಿ ಕೆಲಸಕ್ಕೆ ಸೇರಿದ ಸಿಸ್ಟರ್‌ಗಳು, ಸ್ವಸಹಾಯ ಸಂಘದವರು, ಪಂಚಾಯ್ತಿ ಮೆಂಬರ್‌ಗಳು ಯಾರೇ ಆಗಲಿ, ಈ ಕೆಲಸಕ್ಕೆ ಕೈ ಹಾಕುವುದಾದರೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಒಂದೆರಡು ಲೆಕ್ಕ. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬರುತ್ತದೆ, ಹೆಚ್ಚು ಕಡಿಮೆ 80 ಸಾವಿರ ಜನ ತೀರಿಕೊಳ್ಳುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 30ರಿಂದ 49 ವಯಸ್ಸಿನವರನ್ನು ಕೇಳಿದಾಗ, ಒಮ್ಮೆಯಾದರೂ ತಪಾಸಣೆ ಆಗಿದೆ ಎಂದವರು ನೂರಕ್ಕೆ ಇಬ್ಬರೂ ಇರಲಿಲ್ಲ, 1.9 ಅಷ್ಟೇ. ಪಕ್ಕದ ತಮಿಳುನಾಡಿನಲ್ಲಿ ನೂರಕ್ಕೆ ಹತ್ತರ ಹತ್ತಿರ ಇತ್ತು. ಅಂದರೆ ಮನಸ್ಸು ಮಾಡಿದರೆ ಆಗುವ ಕೆಲಸ ಇದು. ಅಲ್ಲಿನ ದಿಂಡಿಗಲ್ ಜಿಲ್ಲೆಯ ಹಳ್ಳಿಗಳಲ್ಲಿ ತರಬೇತಿ ಪಡೆದ ನರ್ಸ್‌ಗಳೇ ವಿನೆಗರ್‌ನಂಥ ಅಸಿಟಿಕ್ ಆಸಿಡ್ ಅನ್ನು ಗರ್ಭಕಂಠಕ್ಕೆ ಹಚ್ಚಿ ಬೆಳ್ಳಗಿನ ಕಲೆ ಏಳುತ್ತದೆಯೇ ಎಂದು ನೋಡಿದರು. ತಪಾಸಣೆ ನಡೆದ ಊರುಗಳಲ್ಲಿ ಈ ರೋಗದ ಸಾವು ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿಯೇ ಇಳಿಯಿತು. ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು ಹತ್ತನೇ ತರಗತಿ ಓದಿದ ಹೆಣ್ಣುಮಕ್ಕಳಿಗೆ ನಾಲ್ಕು ವಾರ ಕಲಿಸಿ ಇದೇ ಪರೀಕ್ಷೆ ಮಾಡಿಸಿದರು. ಅಲ್ಲಿ ಸಾವು ನೂರಕ್ಕೆ 31ರಷ್ಟು ಕಡಿಮೆಯಾಯಿತು. ದೊಡ್ಡ ಮಶೀನು ಬೇಕಾಗಲಿಲ್ಲ.

ಪಟ್ಟಿ ಮಾಡುವಾಗಲೇ ಯಾರು ಬಿಟ್ಟುಹೋಗುತ್ತಾರೆ

ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಕೈಗೆ ಸಿಗುವ ಅರ್ಹ ದಂಪತಿಗಳ ರಿಜಿಸ್ಟರ್ ತೆಗೆದು 30 ದಾಟಿದವರಿಗೆ ಗುರುತು ಹಾಕುತ್ತೇವೆ. ಆ ರಿಜಿಸ್ಟರ್ ಇರುವುದು ಕುಟುಂಬ ಯೋಜನೆಗೆ. ಅದರಲ್ಲಿ ಗಂಡ ಇರುವ, 49ರ ಒಳಗಿನ ಹೆಂಗಸರು ಮಾತ್ರ ಇರುತ್ತಾರೆ. ಗಂಡ ಸತ್ತವರು, ಗಂಡ ಬಿಟ್ಟವರು, ಮದುವೆಯಾಗದೆ ಇರುವವರು, ದೇವದಾಸಿ ಪದ್ಧತಿಗೆ ಸಿಕ್ಕ ತಾಯಂದಿರು, 50 ದಾಟಿದವರು ಯಾರೂ ಅದರಲ್ಲಿ ಇಲ್ಲ. ನನ್ನ ಮೊದಲ ಪಟ್ಟಿಯಲ್ಲಿ ಕೇರಿಯ ಆ ಹೆಣ್ಣುಮಗಳು ಇರದೇ ಹೋಗಿದ್ದು ಹೀಗೇ. ಆಕೆ ವಿಧವೆ.

ಆದ್ದರಿಂದ ಮನೆ ಮನೆ ಸರ್ವೆ ಪುಸ್ತಕ ತೆಗೆದುಕೊಳ್ಳಿ, ಪಕ್ಕದಲ್ಲಿ ರೇಷನ್ ಕಾರ್ಡಿನ ಪಟ್ಟಿ ಇಟ್ಟುಕೊಳ್ಳಿ. 30ರಿಂದ 65ರವರೆಗಿನ ಎಲ್ಲ ಹೆಂಗಸರ ಹೆಸರು ಬರೆಯಿರಿ. ಬರೆಯುವಾಗ ಓಣಿವಾರು ಬರೆಯಿರಿ. ಇದು ಬಹಳ ಮುಖ್ಯ. ನನ್ನ ನೋಟ್‌ಬುಕ್ಕಿನಲ್ಲಿ ಕೇರಿಗೆ ಒಂದು ಪುಟ, ತಾಂಡಾಕ್ಕೆ ಒಂದು, ಮಸೀದಿ ಓಣಿಗೆ ಒಂದು, ಹೊರಗಿನಿಂದ ಬಂದು ನೆಲೆಸಿದವರ ಕ್ಯಾಂಪಿಗೆ ಒಂದು, ಗೌಡರ ಓಣಿಗೆ ಒಂದು. ಶಿಬಿರ ಮುಗಿದ ಮೇಲೆ ಒಟ್ಟು ಎಷ್ಟು ಎಂದು ಕೂಡುವ ಮೊದಲು ಪ್ರತಿ ಪುಟದಲ್ಲಿ ಎಷ್ಟು ಹೆಸರಿಗೆ ಟಿಕ್ ಬಿದ್ದಿಲ್ಲ ಎಂದು ನೋಡುತ್ತೇನೆ. ಒಟ್ಟು ಲೆಕ್ಕದಲ್ಲಿ ಬಡವರು ಕಾಣಿಸುವುದಿಲ್ಲ. ಪುಟ ಬೇರೆ ಮಾಡಿದಾಗ ಕಾಣಿಸುತ್ತಾರೆ.

ಆಪರೇಷನ್ ಆದವರನ್ನೂ ಮರೆಯಬೇಡಿ. ನಮ್ಮ ಕಡೆ 23-24ಕ್ಕೆ ಎರಡು ಮೂರು ಮಕ್ಕಳಾಗಿ ಸಂತಾನ ನಿಲ್ಲಿಸುವ ಆಪರೇಷನ್ ಆಗಿರುತ್ತದೆ. ಅಲ್ಲಿಗೆ ಆಕೆಗೂ ನಮಗೂ ಸಂಬಂಧ ಕಡಿದುಹೋಗುತ್ತದೆ. ಮಕ್ಕಳ ಚುಚ್ಚುಮದ್ದು ಮುಗಿದ ಮೇಲೆ ನಾವೂ ಆ ಮನೆಗೆ ಹೋಗುವುದಿಲ್ಲ. "ನಂದೆಲ್ಲಾ ಮುಗದದ ರೀ, ನನಗ್ಯಾಕ?" ಎನ್ನುತ್ತಾರೆ. ಆಪರೇಷನ್ ಆದರೂ ಗರ್ಭಕೋಶ ಒಳಗೇ ಇರುತ್ತದೆ, ಅದರ ಬಾಯಿಯೂ ಇರುತ್ತದೆ ಎಂದು ಹೇಳಬೇಕು. ಇದೇ ಗುಂಪು ಊರಲ್ಲಿ ಎಲ್ಲಕ್ಕಿಂತ ದೊಡ್ಡದು.

ಎಚ್‌ಐವಿ ಇರುವ ಹೆಂಗಸರಿಗೆ ಈ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಆರು ಪಟ್ಟು ಜಾಸ್ತಿ. ಅವರಿಗೆ 30 ಆಗುವವರೆಗೆ ಕಾಯಬಾರದು. ಆದರೆ ಅವರ ಹೆಸರನ್ನು ಈ ಪಟ್ಟಿಯಲ್ಲಿ ಗುರುತು ಮಾಡಿ ಇಡಬೇಡಿ, ನೋಟ್‌ಬುಕ್ ನಾಲ್ಕು ಜನರ ಕೈಗೆ ಹೋಗುತ್ತದೆ. ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರದ ಸಿಸ್ಟರ್ ಜೊತೆ ಮಾತಾಡಿ, ಅವರು ಔಷಧಿಗೆ ಹೋಗುವ ದಿನವೇ ಪರೀಕ್ಷೆ ಆಗುವಂತೆ ನೋಡಿ.

ದಿನ, ಹೊತ್ತು, ಜಾಗ

ಆಸ್ಪತ್ರೆ ಹೊತ್ತು ಬೆಳಿಗ್ಗೆ 9ರಿಂದ ಸಂಜೆ 4. ಕೂಲಿ ಹೆಂಗಸರು ಹೊಲದಲ್ಲಿ ಇರುವುದೂ ಅದೇ ಹೊತ್ತು. ಹಾಗಿದ್ದ ಮೇಲೆ ಅವರು ಬರುವುದಾದರೂ ಯಾವಾಗ? ಶಿಬಿರಕ್ಕೆ ಬಂದರೆ ಒಂದು ದಿನದ ಕೂಲಿ ಹೋಯಿತು. ಮೇಸ್ತ್ರಿ ಮರುದಿನ ಕರೆಯದೇ ಇರಬಹುದು. 'ಅವರಿಗೆ ತಿಳುವಳಿಕೆ ಇಲ್ಲ' ಎಂದು ಮೀಟಿಂಗ್‌ಗಳಲ್ಲಿ ಹೇಳುವುದನ್ನು ಕೇಳಿ ಕೇಳಿ ನನಗೆ ಬೇಸರವಾಗಿದೆ. ತಿಳುವಳಿಕೆ ಇದೆ. ಪುರುಸೊತ್ತಿಲ್ಲ, ದುಡ್ಡಿಲ್ಲ.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅಮಾವಾಸ್ಯೆಗೆ ಹೊಲದ ಕೆಲಸ ಇಲ್ಲ. ಆ ದಿನಗಳನ್ನು ಹಿಡಿಯಿರಿ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ತಿಂಗಳಲ್ಲಿ ಶಿಬಿರವನ್ನೇ ಇಡಬೇಡಿ. ಇಡಲೇಬೇಕು ಎಂದಾದರೆ ಬೆಳಿಗ್ಗೆ ಆರೂವರೆಗೆ ಶುರು ಮಾಡಿ ಒಂಬತ್ತಕ್ಕೆ ಮುಗಿಸಿ. ನಾನು ಮಾಡಿದ್ದೇನೆ, ಆಗುತ್ತದೆ.

ಗುಳೆ ಹೋಗುವವರದ್ದು ಬೇರೆ ಕ್ಯಾಲೆಂಡರ್. ಬೆಂಗಳೂರು, ಪುಣೆ, ಮುಂಬೈಗೆ ಕಟ್ಟಡ ಕೆಲಸಕ್ಕೆ ಹೋದವರು ನಮ್ಮ ಭಾಗದಲ್ಲಿ ಮೊಹರಂಗೆ ತಪ್ಪದೆ ಊರಿಗೆ ಬರುತ್ತಾರೆ, ಹಿಂದೂಗಳೂ ಮುಸ್ಲಿಮರೂ. ಮೊಹರಂ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಆ ವರ್ಷದ ತಾರೀಕು ನೋಡಿಕೊಳ್ಳಿ. ತಾಂಡಾದವರಿಗೆ ದೀಪಾವಳಿ ದೊಡ್ಡ ಹಬ್ಬ. ಅದಾದ ಮೇಲೆ ಕಬ್ಬು ಕಡಿಯಲು ಹೊರಟರೆ ತಿಂಗಳುಗಟ್ಟಲೆ ಸಿಗುವುದಿಲ್ಲ. ಹಾಗಾಗಿ ತಾಂಡಾ ಶಿಬಿರ ದೀಪಾವಳಿಯ ವಾರದಲ್ಲೇ ಆಗಬೇಕು. ಹಬ್ಬದ ದಿನ ಬೇಡ, ಅದರ ಹಿಂದೆ ಮುಂದೆ.

ಜಾಗದ ವಿಷಯ ಸ್ವಲ್ಪ ಸೂಕ್ಷ್ಮ. ಬಹಳ ಊರುಗಳಲ್ಲಿ ಉಪಕೇಂದ್ರವೋ ಸಮುದಾಯ ಭವನವೋ ಮೇಲ್ಜಾತಿಯವರ ಓಣಿಯಲ್ಲಿ ಇರುತ್ತದೆ. ಕೇರಿಯ ಹೆಂಗಸು ಅಲ್ಲಿಗೆ ಬಂದು, ನಾಲ್ಕು ಜನರ ಮುಂದೆ ಸಾಲಿನಲ್ಲಿ ನಿಂತು, ಸೀರೆ ಎತ್ತುವ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆಕೆಗೆ ಹೇಗನಿಸಬಹುದು ಯೋಚನೆ ಮಾಡಿ. ನಾನು ಮೊದಲ ಶಿಬಿರವನ್ನು ಯಾವಾಗಲೂ ಕೇರಿಯ ಅಂಗನವಾಡಿಯಲ್ಲಿ ಇಡುತ್ತೇನೆ. ಎರಡನೆಯದು ತಾಂಡಾದ ಶಾಲೆಯಲ್ಲಿ. ಆಮೇಲೆ ಉಳಿದ ಓಣಿಗಳು. ಆಸ್ಪತ್ರೆಯ ಪಕ್ಕದವರು ಯಾವತ್ತಾದರೂ ಬರುತ್ತಾರೆ, ಅವರಿಗೆ ಕೊನೆಯ ದಿನ ಸಾಕು.

ಒಮ್ಮೆ ಎಲ್ಲರನ್ನೂ ಒಂದೇ ಕಡೆ ಕರೆದಿದ್ದೆ. ಒಬ್ಬ ದೊಡ್ಡ ಮನೆಯ ಹೆಂಗಸು ಕಿವಿಯ ಹತ್ತಿರ ಬಂದು, "ಅವರು ಮಲಗಿದ ಟೇಬಲ್ ಮ್ಯಾಲ ನಾ ಹ್ಯಾಂಗ ಮಲಗ್ಲಿ ಸಿಸ್ಟರ್?" ಎಂದರು. ನಾನು ಜೋರಾಗಿಯೇ ಹೇಳಿದೆ: "ಪ್ರತಿಯೊಬ್ಬರಿಗೂ ಹೊಸ ಹಾಸು, ಪ್ರತಿಯೊಬ್ಬರಿಗೂ ಕುದಿಸಿ ತೆಗೆದ ಉಪಕರಣ. ಟೋಕನ್ ಪ್ರಕಾರ ಒಳಗೆ ಬರಬೇಕು." ಟೋಕನ್ ಪದ್ಧತಿ ತಪ್ಪಿಸಬೇಡಿ, ಯಾರು ಬಂದರೂ. ಸಾಲಿನಲ್ಲಿ ಒಬ್ಬರನ್ನು ಮುಂದೆ ಬಿಟ್ಟರೆ ಹಿಂದೆ ಇದ್ದವರು ಸುಮ್ನೆ ಎದ್ದು ಮನೆಗೆ ಹೋಗುತ್ತಾರೆ. ಜಗಳ ಆಡುವುದಿಲ್ಲ, ಹೋಗಿಬಿಡುತ್ತಾರೆ.

ಪರೀಕ್ಷೆ ಮಾಡುವವರು ಹೆಂಗಸರೇ ಆಗಿರಲಿ. ಬಾಗಿಲಿಗೆ ಚಿಲಕ, ಕಿಟಕಿಗೆ ಪರದೆ, ಒಳಗೆ ಒಂದು ಬಕೆಟ್ ನೀರು. ಗಂಡಸು ಸಿಬ್ಬಂದಿ, ಫೋಟೋ ತೆಗೆಯುವವರು, ಮೆಂಬರ್‌ಗಳ ಭಾಷಣ ಇವೆಲ್ಲ ಆ ಅಂಗಳದಲ್ಲಿ ಬೇಡ.

ಏನು ಹೇಳಬೇಕು

ಮೈಕಿನಲ್ಲಿ ಕೂಗಿಸಬೇಡಿ. ಕ್ಯಾನ್ಸರ್ ಎಂಬ ಮಾತು ಮೈಕಿನಲ್ಲಿ ಬಂದರೆ ಹೆದರಿ ಬಾಗಿಲು ಹಾಕಿಕೊಳ್ಳುತ್ತಾರೆ. ಕಟ್ಟೆ ಮೇಲೆ ಐದಾರು ಜನ ಕೂತಾಗ ಹೋಗಿ ಕೂತುಕೊಳ್ಳಿ.

ನಾನು ತಂಬಿಗೆ ತೋರಿಸುತ್ತೇನೆ. ಅವರ ಮನೆಯ ತಂಬಿಗೆಯನ್ನೇ ಇಸಿದುಕೊಂಡು ಬೋರಲು ಹಿಡಿಯುತ್ತೇನೆ. "ಯವ್ವಾ, ಇದು ನಿಮ್ಮ ಗರ್ಭಚೀಲ. ಇದರ ಬಾಯಿ ಕೆಳಗಿದೆ ನೋಡಿ. ನಾನು ಈ ಬಾಯಿಯನ್ನು ಮಾತ್ರ ನೋಡುತ್ತೇನೆ. ಒಳಗೆ ಕೈ ಹಾಕುವುದಿಲ್ಲ, ಕತ್ತರಿಸುವುದಿಲ್ಲ. ವಿನೆಗರ್‌ನಂಥ ನೀರನ್ನು ಹತ್ತಿಯಲ್ಲಿ ಅದ್ದಿ ಹಚ್ಚುತ್ತೇನೆ. ಒಂದು ನಿಮಿಷ ಕಾಯುತ್ತೇನೆ. ಬೆಳ್ಳಗೆ ಕಲೆ ಎದ್ದರೆ ದೊಡ್ಡ ಡಾಕ್ಟರ್ ಹತ್ತಿರ ನಾವಿಬ್ಬರೂ ಹೋಗೋಣ." ಇಷ್ಟೇ ಮಾತು. ತಾಂಡಾದಲ್ಲಿ ನಮ್ಮ ಆಶಾ ಇದನ್ನೇ ಲಂಬಾಣಿಯಲ್ಲಿ ಹೇಳುತ್ತಾಳೆ. ನನ್ನ ಕನ್ನಡಕ್ಕಿಂತ ಅವಳ ಮಾತಿಗೆ ಬೆಲೆ ಜಾಸ್ತಿ.

ನಮ್ಮ ಭಾಗದಲ್ಲಿ ದೊಡ್ಡ ಭಯ ಇನ್ನೊಂದಿದೆ. "ಟೆಸ್ಟ್ ಮಾಡಿಸಿದ್ರ ಗರ್ಭಚೀಲ ತೆಗೀತಾರ." ಇದು ಮೂಢನಂಬಿಕೆ ಅಲ್ಲ. ಕಲಬುರಗಿ ಕಡೆಯ ತಾಂಡಾಗಳಲ್ಲಿ ಬಿಳಿ ಸೆರಗು, ಹೊಟ್ಟೆನೋವು ಎಂದು ಹೋದ ಎಷ್ಟೋ ಬಡ ಹೆಂಗಸರ ಗರ್ಭಕೋಶವನ್ನು ಅಗತ್ಯ ಇಲ್ಲದೆ ತೆಗೆದದ್ದು ಇಡೀ ರಾಜ್ಯಕ್ಕೆ ಗೊತ್ತಾದ ಸಂಗತಿ. 'ಕ್ಯಾನ್ಸರ್ ಆಗುತ್ತದೆ' ಎಂದು ಹೆದರಿಸಿಯೇ ತೆಗೆದರು. ಅದನ್ನು ಅನುಭವಿಸಿದವರ ತಂಗಿ, ಸೊಸೆ ನಮ್ಮ ಮುಂದೆ ಕೂತಿರುತ್ತಾರೆ. ಅವರ ಭಯವನ್ನು ಒಪ್ಪಿಕೊಳ್ಳಿ. "ಹೌದು, ಹಾಗೆ ಆಗಿದೆ, ಅದು ಅನ್ಯಾಯ" ಎಂದು ಬಾಯಿಬಿಟ್ಟು ಹೇಳಿ. ಆಮೇಲೆ ಹೇಳಿ: ಬೆಳ್ಳಗಿನ ಕಲೆ ಕಂಡ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ, ಅಷ್ಟಕ್ಕೇ ಗರ್ಭಚೀಲ ತೆಗೆಯಬೇಕಿಲ್ಲ, ಯಾರಾದರೂ ತೆಗೆಯೋಣ ಎಂದರೆ ಸಹಿ ಹಾಕುವ ಮೊದಲು ನನ್ನ ಹತ್ತಿರ ಬನ್ನಿ, ಜಿಲ್ಲಾ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸೋಣ. ಖಾಸಗಿ ನರ್ಸಿಂಗ್ ಹೋಂ ಕಡೆಯವರು ಯಾರೂ ಶಿಬಿರದ ಸುತ್ತ ಸುಳಿಯದಂತೆ ನೋಡಿಕೊಳ್ಳಿ.

"ಇದು ಹ್ಯಾಂಗ ಬರ್ತದ?" ಎಂದು ಕೇಳುತ್ತಾರೆ. ಸುಳ್ಳು ಹೇಳಬೇಡಿ. ಎಚ್‌ಪಿವಿ ಎಂಬ ವೈರಸ್, ಗಂಡು ಹೆಣ್ಣು ಕೂಡುವುದರಿಂದ ಹರಡುತ್ತದೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಬದುಕಿನಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಒಮ್ಮೆ ತಗಲುವ ವೈರಸ್ ಇದು. ಬಹಳ ಜನರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಹೋಗದೆ ಉಳಿದರೆ ಕ್ಯಾನ್ಸರ್ ಆಗಲು ಹತ್ತು ಹದಿನೈದು ವರ್ಷ ಬೇಕು. ಯಾವಾಗ ಬಂತು, ಯಾರಿಂದ ಬಂತು ಎಂದು ಯಾರೂ ಹೇಳಲಾರರು. ಇದನ್ನು ಬಿಡಿಸಿ ಹೇಳದಿದ್ದರೆ ಮನೆಯಲ್ಲಿ ಆಕೆಯ ನಡತೆಯ ಮೇಲೆ ಮಾತು ಬರುತ್ತದೆ.

ಒತ್ತಾಯ ಬೇಡವೇ ಬೇಡ. ಪರೀಕ್ಷೆ ಮಾಡಿಸದಿದ್ದರೆ ಪಿಂಚಣಿ ನಿಲ್ಲುತ್ತದೆ, ರೇಷನ್ ಸಿಗಲ್ಲ ಎಂದು ಹೆದರಿಸಿದ ಕಡೆ ಮತ್ತೆ ಹತ್ತು ವರ್ಷ ಯಾರೂ ಬಾಗಿಲು ತೆಗೆಯುವುದಿಲ್ಲ.

ಪರೀಕ್ಷೆಯ ದಿನ

ತರಬೇತಿ ಆದವರು ಮಾತ್ರ ಮಾಡಬೇಕು. ಅಸಿಟಿಕ್ ಆಸಿಡ್ 3ರಿಂದ 5 ಪರ್ಸೆಂಟ್, ಅದೇ ದಿನ ಕಲಸಿದ್ದು. ಒಳ್ಳೆ ಬೆಳಕಿನ ಟಾರ್ಚ್, ಗರ್ಭಕಂಠ ಕಾಣುವಂತೆ ದಾರಿ ಅಗಲಿಸುವ ಸ್ಪೆಕ್ಯುಲಮ್, ಸಣ್ಣ ಮತ್ತು ಮಧ್ಯಮ ಅಳತೆಯದು. ಸ್ಪೆಕ್ಯುಲಮ್ ಹಾಕುವ ಮೊದಲು ಬೆಚ್ಚಗಿನ ನೀರಿನಲ್ಲಿ ಅದ್ದಿ, ತಣ್ಣನೆಯ ಕಬ್ಬಿಣ ತಗುಲಿದರೆ ಯಾರೇ ಆದರೂ ಮೈ ಬಿಗಿ ಹಿಡಿಯುತ್ತಾರೆ. ಪೂರ್ತಿ ಒಂದು ನಿಮಿಷ ಗಡಿಯಾರ ನೋಡಿ ಕಾಯಿರಿ. "ಸಾಕು ಅಂದ್ರ ಸಾಕು" ಎಂದು ಮೊದಲೇ ಹೇಳಿ, ಸಾಕು ಎಂದಾಗ ನಿಜಕ್ಕೂ ನಿಲ್ಲಿಸಿ.

ಮುಟ್ಟಾದವರು, ಬಸುರಿಯರು, ಹೆರಿಗೆಯಾಗಿ ಮೂರು ತಿಂಗಳು ಆಗದವರು ಮುಂದಿನ ಸಲ ಬರಲಿ. ಮುಟ್ಟು ನಿಂತು ವರ್ಷಗಳಾದವರಲ್ಲಿ ನಾವು ನೋಡಬೇಕಾದ ಜಾಗ ಒಳಗೆ ಸರಿದಿರುತ್ತದೆ. ಕಾಣದಿದ್ದರೆ 'ಏನೂ ಇಲ್ಲ' ಎಂದು ಕಳಿಸಬೇಡಿ. ಪ್ಯಾಪ್ (ಗರ್ಭಕಂಠದ ಜೀವಕೋಶ ತೆಗೆದು ನೋಡುವುದು) ಅಥವಾ ಎಚ್‌ಪಿವಿ ಪರೀಕ್ಷೆಗೆ ಡಾಕ್ಟರ್ ಹತ್ತಿರ ಕಳಿಸಿ. ಕೂಡಿದ ಮೇಲೆ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ವಾಸನೆಯ ಬಿಳಿ ಸೆರಗು ಇದ್ದವರಿಗೆ ಶಿಬಿರದ ದಾರಿ ಬೇಡ, ಅವರನ್ನು ಅದೇ ವಾರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಫಲಿತಾಂಶವನ್ನು ಆಕೆಗೇ ಹೇಳಿ, ಒಬ್ಬಳಿಗೇ ಹೇಳಿ. ಪುಸ್ತಕದಲ್ಲಿ ಬರೆದ ಮೊಬೈಲ್ ನಂಬರ್ ಬಹುತೇಕ ಗಂಡನದ್ದೋ ಮಗನದ್ದೋ ಆಗಿರುತ್ತದೆ. ಅದಕ್ಕೆ ಫೋನ್ ಮಾಡಿ ವಿಷಯ ಹೇಳಬೇಡಿ. "ನಿಮಗೆ ಸುದ್ದಿ ಮುಟ್ಟಿಸಬೇಕಾದರೆ ಯಾರ ಕೈಲಿ ಹೇಳಲಿ?" ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಕಲೆ ಕಂಡವರ ಜೊತೆ

ನಿಜವಾದ ಭೇದ ಕಾಣಿಸುವುದು ಇಲ್ಲಿ. ಕಲೆ ಕಂಡ ಟೀಚರಮ್ಮ ಮರುದಿನವೇ ಕಾರು ಮಾಡಿಕೊಂಡು ಹೋಗುತ್ತಾರೆ. ಕೂಲಿ ಹೆಂಗಸಿನ ಕೈಯಲ್ಲಿ ಚೀಟಿ ಮಡಿಚಿ ಕುಬುಸದೊಳಗೆ ಸೇರುತ್ತದೆ, ಅಲ್ಲೇ ಉಳಿಯುತ್ತದೆ. ಚೀಟಿ ಕೊಟ್ಟು ಕೈ ತೊಳೆದುಕೊಳ್ಳುವುದಾದರೆ ಪರೀಕ್ಷೆ ಮಾಡಬೇಡಿ ಎಂದೇ ನಾನು ಹೇಳುತ್ತೇನೆ.

ಶಿಬಿರದ ದಿನ ಗೊತ್ತು ಮಾಡುವ ಮೊದಲೇ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ಡಾಕ್ಟರ್ ಹತ್ತಿರ ಒಂದು ದಿನ ಕೇಳಿಕೊಂಡು ಬನ್ನಿ. ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಕಾಲ್ಪೋಸ್ಕೋಪ್ ಇದೆಯೇ, ಕಲೆ ಸುಡುವ ಸಾಧನ ಇದೆಯೇ, ಆ ದಿನ ಅವರು ರಜೆ ಇಲ್ಲ ತಾನೇ? ಆಮೇಲೆ ಕಲೆ ಕಂಡವರನ್ನೆಲ್ಲ ಆ ದಿನ ಒಟ್ಟಿಗೆ ಕರೆದುಕೊಂಡು ಹೋಗಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ನನ್ನ ಕೆಲಸಕ್ಕೆ ಇದರಷ್ಟು ಸಹಾಯವಾದದ್ದು ಬೇರೆ ಇಲ್ಲ. ಆಧಾರ್ ಕಾರ್ಡ್ ಮರೆಯದಂತೆ ಹಿಂದಿನ ರಾತ್ರಿಯೇ ಹೇಳಿ. ತಾಂಡಾಕ್ಕೆ ಬಸ್ ಬರುವುದಿಲ್ಲ, ರಸ್ತೆವರೆಗೆ ಆಟೋ ಬೇಕು. ಆ ಆಟೋ ದುಡ್ಡನ್ನು ನಮ್ಮೂರಿನ ಸ್ವಸಹಾಯ ಸಂಘದವರು ಕೊಡುತ್ತಾರೆ. ಸಣ್ಣ ಮಕ್ಕಳನ್ನು ಅಂಗನವಾಡಿ ಕಾರ್ಯಕರ್ತೆ ಸಂಜೆವರೆಗೆ ಇಟ್ಟುಕೊಳ್ಳುತ್ತಾಳೆ. ಇಂಥ ಸಣ್ಣ ಸಣ್ಣ ಏರ್ಪಾಡು ಇಲ್ಲದಿದ್ದರೆ ಆಕೆ ಬರುವುದಿಲ್ಲ.

ಕಲೆ ಸಣ್ಣದಿದ್ದರೆ ಬಿಸಿ ಸಾಧನ ತಾಗಿಸಿ ಸುಡುತ್ತಾರೆ. ಕೆಲವೇ ನಿಮಿಷದ ಕೆಲಸ, ಅವತ್ತೇ ಮನೆಗೆ ಬರಬಹುದು. ಆದರೆ ಒಂದು ತಿಂಗಳು ಗಂಡನ ಜೊತೆ ಸೇರಬಾರದು. ಡಾಕ್ಟರ್ ಇದನ್ನು ಒಂದು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಆ ಮಾತು ಹೇಳುವ ಶಕ್ತಿ ಹೆಂಗಸಿಗೆ ಇರುವುದಿಲ್ಲ. ದಾರಿಯಲ್ಲೇ ಆಕೆಯನ್ನು ಕೇಳಿ: ನಾನು ನಿಮ್ಮ ಮನೆಯವರಿಗೆ ಹೇಳಲೇ? ಅತ್ತೆಗೆ ಹೇಳಲೇ? ತವರಿಗೆ ಹೋಗುತ್ತೀರಾ? ಒಬ್ಬಾಕೆ ತಿಂಗಳ ಮಟ್ಟಿಗೆ ಅಣ್ಣನ ಮನೆಗೆ ಹೋದಳು. ಇನ್ನೊಬ್ಬಳ ಗಂಡನಿಗೆ ನಾನೇ ಹೇಳಿದೆ, ಅವನು ತಲೆ ತಗ್ಗಿಸಿ "ಆಯ್ತು ರೀ ಅಕ್ಕಾರ" ಎಂದ, ಹಾಗೇ ನಡೆದುಕೊಂಡ.

ಕ್ಯಾನ್ಸರ್ ಎಂದೇ ಗೊತ್ತಾದರೆ ನಮ್ಮ ಕಡೆಯವರಿಗೆ ಹತ್ತಿರ ಕಲಬುರಗಿಯ ಕಿದ್ವಾಯಿ ಕೇಂದ್ರ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನ ಕಿದ್ವಾಯಿ ಇದೆ. ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ರೇಷನ್ ಕಾರ್ಡ್, ಆಧಾರ್ ಮೂರನ್ನೂ ಒಂದೇ ಕವರಿನಲ್ಲಿ ಹಾಕಿ ಕೊಡಿ. ಹೆಸರು ಎರಡು ಕಾರ್ಡಿನಲ್ಲಿ ಬೇರೆ ಬೇರೆ ಇದ್ದರೆ ಹೊರಡುವ ಮೊದಲೇ ಸರಿ ಮಾಡಿಸಿ. ರೇಡಿಯೇಷನ್ ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ ನಡೆಯುತ್ತದೆ. ಉಳಿಯುವುದು ಎಲ್ಲಿ, ಜೊತೆಗೆ ಯಾರು ಎಂಬುದನ್ನು ಮನೆಯವರ ಜೊತೆ ಕೂತು ಮಾತಾಡಿ. ಅರ್ಧಕ್ಕೆ ಬಿಟ್ಟು ಬರುವುದು ಊಟ, ವಸತಿ, ಕೂಲಿಯ ಕಾರಣಕ್ಕೇ.

ಏನೂ ಕಾಣದವರಿಗೆ ಐದು ವರ್ಷದ ಮೇಲೆ ಮತ್ತೆ. ತಾರೀಕು ಹೇಳಿದರೆ ನೆನಪಿರುವುದಿಲ್ಲ. "ನಿಮ್ಮ ಸಣ್ಣ ಮಗಳು ಹತ್ತನೇ ತರಗತಿಗೆ ಬಂದಾಗ" ಎಂದು ಹೇಳಿ, ನಿಮ್ಮ ಪುಸ್ತಕದಲ್ಲಿ ಇಸವಿ ಬರೆದುಕೊಳ್ಳಿ.

ನನ್ನ ನೋಟ್‌ಬುಕ್ಕಿನಲ್ಲಿ ಈಗ ಕೇರಿಯ ಪುಟದಲ್ಲಿ ಟಿಕ್ ಬೀಳದ ಹೆಸರು ಹನ್ನೊಂದು, ತಾಂಡಾದ ಪುಟದಲ್ಲಿ ಇಪ್ಪತ್ತಾರು. ತಾಂಡಾದವರಲ್ಲಿ ಹತ್ತೊಂಬತ್ತು ಜನ ಕಬ್ಬಿನ ಗ್ಯಾಂಗಿನ ಜೊತೆ ಹೋಗಿದ್ದಾರೆ. ಅವರ ಮೇಸ್ತ್ರಿಯ ಹೆಂಡತಿಗೆ ಹೇಳಿಟ್ಟಿದ್ದೇನೆ, ಲಾರಿ ಊರಿಗೆ ಬಂದ ದಿನ ಫೋನ್ ಮಾಡುತ್ತಾಳೆ.